ಸುಜುಕಿ ವಿ-ಸ್ಟ್ರಾಮ್ 1000: ಘಾಟಿಗೆ ಒಗ್ಗಿದ ದೊಡ್ಡ ವಿ-ಟ್ವಿನ್

ದೊಡ್ಡ ಅಡ್ವೆಂಚರ್ ಬೈಕ್ ಕೊಳ್ಳಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಅಶ್ವಶಕ್ತಿಯನ್ನು. ಆ ಒಂದೇ ಅಳತೆಗೋಲಿನಲ್ಲಿ ನೋಡಿದರೆ ಸುಜುಕಿ ವಿ-ಸ್ಟ್ರಾಮ್ 1000 ಹಿಂದಿನ ಸಾಲಿಗೆ ಸೇರುತ್ತದೆ. ಅದರ 1037 ಸಿಸಿ ಇಂಜಿನ್ ಕೊಡುವುದು ಸುಮಾರು 100 ಅಶ್ವಶಕ್ತಿ. ಕೆಟಿಎಂ 1290 ಸೂಪರ್ ಅಡ್ವೆಂಚರ್ ತನ್ನ 1301 ಸಿಸಿಯಿಂದ 160 ಅಶ್ವಶಕ್ತಿ ತೆಗೆಯುತ್ತದೆ. ಆದರೆ ನಮ್ಮ ರಸ್ತೆಗಳಲ್ಲಿ ಇಂಥ ಬೈಕ್ ತನ್ನ ಆಯುಷ್ಯದ ಬಹುಪಾಲನ್ನು ಕಳೆಯುವುದು 2500ರಿಂದ 4500 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಒಳಗೆ. 8000 ಆರ್‌ಪಿಎಂನಲ್ಲಿ ಎಷ್ಟು ಶಕ್ತಿ ಸಿಗುತ್ತದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದೇ ಇಲ್ಲ. 2014ರಲ್ಲಿ ಹೊಸ ರೂಪದಲ್ಲಿ ಬಂದ ವಿ-ಸ್ಟ್ರಾಮ್ ತನ್ನ ಗರಿಷ್ಠ ಟಾರ್ಕ್ (ಚಕ್ರವನ್ನು ತಿರುಗಿಸುವ ಬಲ) ಆದ 103 ನ್ಯೂಟನ್ ಮೀಟರನ್ನು 4000 ಆರ್‌ಪಿಎಂಗೇ ಕೊಟ್ಟುಬಿಡುತ್ತದೆ. ಬೆಂಗಳೂರಿನಲ್ಲಿ ಇಟ್ಟುಕೊಂಡು, ಮಲೆನಾಡು ಮತ್ತು ಕರಾವಳಿಯ ಕಡೆಗೆ ಓಡಿಸುತ್ತಾ ಬಂದ ನನಗೆ ಈ ಬೈಕಿನ ಗುಣದ ಬೇರು ಇಲ್ಲಿಯೇ ಇದೆ ಎನಿಸಿದೆ. ಅದರ ಕೊರತೆಗಳಾದರೋ ರಸ್ತೆಯಲ್ಲಿ ಓಡಿಸುವಾಗ ಗೊತ್ತಾಗುವುದಕ್ಕಿಂತ ಮನೆಯಲ್ಲಿ ಇಟ್ಟುಕೊಂಡಾಗ ಹೆಚ್ಚು ಗೊತ್ತಾಗುತ್ತವೆ.

ಈ ಇಂಜಿನ್‌ನ ಮೂಲ ಅಡ್ವೆಂಚರ್ ಬೈಕಿನದಲ್ಲ. 1997ರಲ್ಲಿ ಬಂದ ಟಿಎಲ್1000ಎಸ್ ಎಂಬ ಸ್ಪೋರ್ಟ್ಸ್ ಬೈಕಿಗಾಗಿ ಸುಜುಕಿ ರೂಪಿಸಿದ್ದ 996 ಸಿಸಿಯ, 90 ಡಿಗ್ರಿ ಕೋನದ ವಿ-ಟ್ವಿನ್, ಅಂದರೆ ಎರಡು ಸಿಲಿಂಡರ್ ‘ವಿ’ ಆಕಾರದಲ್ಲಿ ಕೂತ ಇಂಜಿನ್, ಅದು. 2002ರಲ್ಲಿ ಅದನ್ನೇ ಹದಗೊಳಿಸಿ ಮೊದಲ ವಿ-ಸ್ಟ್ರಾಮ್ 1000ಕ್ಕೆ ಕೂರಿಸಿದರು. ಇಟಲಿಯ ಕಜೀವಾ ಕಂಪನಿ ಇದೇ ಇಂಜಿನ್ನನ್ನು ತನ್ನ ನ್ಯಾವಿಗೇಟರ್ ಬೈಕಿಗೆ ಪಡೆದುಕೊಂಡಿತು. ಕವಾಸಾಕಿ ಇಡೀ ವಿ-ಸ್ಟ್ರಾಮನ್ನೇ ಕೆಎಲ್‌ವಿ1000 ಎಂಬ ಹೆಸರಿನಲ್ಲಿ ಕೆಲಕಾಲ ಮಾರಿತು. 2014ರ ಪರಿಷ್ಕರಣೆಯಲ್ಲಿ ಸಿಲಿಂಡರ್‌ನ ವ್ಯಾಸವನ್ನು 98ರಿಂದ 100 ಮಿಲಿಮೀಟರಿಗೆ ಹಿಗ್ಗಿಸಿದರು, ಪಿಸ್ಟನ್ನಿನ ಓಟವನ್ನು 66 ಮಿಲಿಮೀಟರಿನಲ್ಲೇ ಬಿಟ್ಟರು. ಹಿಂದಿನ ಮಾದರಿಯಲ್ಲಿ 6000 ಆರ್‌ಪಿಎಂ ದಾಟಿದ ಮೇಲೆ ಸಿಗುತ್ತಿದ್ದ ಗರಿಷ್ಠ ಟಾರ್ಕ್ ಈ ಮಾದರಿಯಲ್ಲಿ 4000ಕ್ಕೆ ಇಳಿದದ್ದು ಕಾರ್ಖಾನೆಯವರು ಯೋಚಿಸಿ ಮಾಡಿದ ಆಯ್ಕೆ. ಹಿಗ್ಗಿದ ಸಿಸಿಯನ್ನು ಶಕ್ತಿಯ ಅಂಕಿ ಏರಿಸಲು ಬಳಸಿದ್ದರೆ ಜಾಹೀರಾತಿಗೆ ಅನುಕೂಲವಾಗುತ್ತಿತ್ತು. ಅವರು ಸವಾರನ ಅನುಕೂಲವನ್ನು ನೋಡಿದರು.

ಈ ಆಯ್ಕೆಯ ಬೆಲೆ ತಿಳಿಯಬೇಕಾದರೆ ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿಯನ್ನು ಏರಬೇಕು. ಅಲ್ಲಿನ 14 ಹೇರ್‌ಪಿನ್ ತಿರುವುಗಳಲ್ಲಿ ರಸ್ತೆ ಕಿರಿದು, ಏರು ಕಡಿದು, ಮತ್ತು ತಿರುವಿನ ಆಚೆಯಿಂದ ಬಸ್ಸು ಇಳಿದು ಬರುತ್ತಿದೆಯೇ ಇಲ್ಲವೇ ಎಂಬುದು ಹಾರ್ನ್ ಕೇಳಿಸುವವರೆಗೆ ಗೊತ್ತಾಗುವುದಿಲ್ಲ. ಬಸ್ಸಿಗೆ ದಾರಿ ಬಿಟ್ಟು, ನಡಿಗೆಯ ವೇಗಕ್ಕೆ ಇಳಿದು, ಮತ್ತೆ ಏರಿನಲ್ಲಿ ಹೊರಡುವಾಗ ಹೆಚ್ಚು ಸುತ್ತು ಬೇಡುವ ಇಂಜಿನ್ ಆಗಿದ್ದರೆ ಗೇರ್ ಇಳಿಸಿ, ಆಕ್ಸಿಲರೇಟರ್ ಹೆಚ್ಚಿಸಿ, ಕ್ಲಚ್ ಕಾಯಿಸಿ ಹೊರಡಬೇಕಾಗುತ್ತದೆ. ವಿ-ಸ್ಟ್ರಾಮ್ ಎರಡನೇ ಗೇರಿನಲ್ಲೇ, 2500 ಆರ್‌ಪಿಎಂನಿಂದ, ಹಿಂದೆ ಸವಾರ ಮತ್ತು ಎರಡು ಪೆಟ್ಟಿಗೆ ಸಾಮಾನು ಇದ್ದರೂ ಯಾವ ಗಲಿಬಿಲಿಯೂ ಇಲ್ಲದೆ ಮೇಲೇಳುತ್ತದೆ. ಕೈ ತಿರುಗಿಸಿದ ಅಳತೆಗೆ ತಕ್ಕಷ್ಟೇ ಎಳೆತ ಬರುತ್ತದೆ; ಒಮ್ಮೆಲೇ ನುಗ್ಗುವ ಸ್ವಭಾವ ಅದಕ್ಕಿಲ್ಲ. ಮಳೆಗಾಲದಲ್ಲಿ ರಸ್ತೆಯ ಅಂಚಿಗೆ ಪಾಚಿ ಕಟ್ಟಿರುವಾಗ ಈ ಗುಣದಷ್ಟು ಬೆಲೆಬಾಳುವುದು ಬೇರೆ ಇಲ್ಲ. ಸುಜುಕಿ ತನ್ನ ಬೈಕುಗಳಲ್ಲಿ ಮೊದಲ ಬಾರಿಗೆ, ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕೊಟ್ಟದ್ದು ಈ ಮಾದರಿಗೇ. ಅದರಲ್ಲಿ ಎರಡು ಹಂತಗಳಿವೆ, ಬೇಡವೆಂದರೆ ಪೂರ್ತಿ ಆರಿಸಲೂಬಹುದು. ಮಳೆಯಲ್ಲಿ ಎರಡನೇ ಹಂತದಲ್ಲಿಟ್ಟು ಓಡಿಸುವುದು ನನ್ನ ರೂಢಿ. ಇಂಜಿನ್ನೇ ಇಷ್ಟು ಸಂಯಮದಿಂದ ವರ್ತಿಸುವುದರಿಂದ ಆ ಕಂಟ್ರೋಲಿನ ದೀಪ ಮಿನುಗುವುದು ಅಪರೂಪ.

ಇದಕ್ಕೊಂದು ಮಿತಿಯೂ ಇದೆ, ಅದನ್ನು ತಿಳಿಯದೆ ಕೊಳ್ಳಬಾರದು. ದೊಡ್ಡ ವಿ-ಟ್ವಿನ್ 2000 ಆರ್‌ಪಿಎಂಗಿಂತ ಕೆಳಗೆ ಸುಖವಾಗಿ ಓಡುವುದಿಲ್ಲ. ಆ ಮಟ್ಟಕ್ಕೆ ಇಳಿದರೆ ಒಂದೊಂದು ಸಿಲಿಂಡರ್ ಉರಿಯುವ ಬಡಿತವೂ ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ಜಗ್ಗಿದಂತೆ ತಲುಪುತ್ತದೆ. ಆದ್ದರಿಂದ ತೀರಾ ನಿಧಾನದ ತಿರುವಿನಲ್ಲಿ ಕ್ಲಚ್ಚನ್ನು ಎರಡು ಬೆರಳಿನಲ್ಲಿ ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಪಾದದ ತುದಿಯಿಂದ ಲಘುವಾಗಿ ಒತ್ತಿಟ್ಟುಕೊಂಡು, ಇಂಜಿನ್ನನ್ನು ತುಸು ಮೇಲೆಯೇ ಇರಿಸಿಕೊಳ್ಳುವುದನ್ನು ಕಲಿಯಬೇಕು. ಸಣ್ಣ ಬೈಕಿನಿಂದ ನೇರವಾಗಿ ಇದಕ್ಕೆ ಬರುವವರಿಗೆ ಮೊದಲ ಕೆಲವು ವಾರ ಇದೇ ದೊಡ್ಡ ತೊಡಕಾಗುತ್ತದೆ. ಕೈ ಕುದುರಿದ ಮೇಲೆ ಆ ಅಸಮ ಬಡಿತವೇ ಈ ಇಂಜಿನ್‌ನ ಆಕರ್ಷಣೆಯಾಗುತ್ತದೆ. 90 ಡಿಗ್ರಿ ಕೋನದಲ್ಲಿ ಕೂತ ಎರಡು ಪಿಸ್ಟನ್‌ಗಳ ಮುಖ್ಯ ಅಲುಗಾಟ ಸಮತೂಗುವುದರಿಂದ ನಡುಕ ತಗ್ಗಿಸುವ ಪ್ರತ್ಯೇಕ ಬ್ಯಾಲೆನ್ಸರ್ ಶಾಫ್ಟ್ ಬೇಕಾಗುವುದಿಲ್ಲ. ಆದರೆ ಉರಿತದ ಅಂತರ ಒಮ್ಮೆ 270, ಒಮ್ಮೆ 450 ಡಿಗ್ರಿ ಇರುವುದರಿಂದ ಬಡಿತ ಮಾತ್ರ ಸಮವಾಗಿರುವುದಿಲ್ಲ. ನಡುಕವಿಲ್ಲದ ಇಂಜಿನ್‌ನಲ್ಲಿ ನಾಡಿ ಸಿಕ್ಕಂಥ ಈ ಅನುಭವ ನಾಲ್ಕು ಸಿಲಿಂಡರಿನ ಯಾವ ಬೈಕಿನಲ್ಲೂ ನನಗೆ ಸಿಕ್ಕಿಲ್ಲ.

ಇಳಿಯುವಾಗಲೂ ಅದು ಉಪಕಾರಿಯೇ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ ಸೇರುವ ದಾರಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಇಂಜಿನ್ನೇ ಬೈಕನ್ನು ಬಲವಾಗಿ ಹಿಡಿದು ನಿಲ್ಲಿಸುತ್ತದೆ. ಅವಸರದಲ್ಲಿ ಗೇರ್ ಇಳಿಸಿದಾಗ ಹಿಂದಿನ ಚಕ್ರ ಕುಪ್ಪಳಿಸದಂತೆ ಸ್ಲಿಪ್ಪರ್ ಕ್ಲಚ್ ನೋಡಿಕೊಳ್ಳುತ್ತದೆ. ಬ್ರೇಕ್ ಅತಿಯಾಗಿ ಕಾಯುವ ಪ್ರಮೇಯವೇ ಬರುವುದಿಲ್ಲ. ಬಳಸಬೇಕಾದಾಗ ಮುಂದಿನ ಎರಡು 310 ಮಿಲಿಮೀಟರ್ ಡಿಸ್ಕುಗಳು ಮತ್ತು ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್‌ಗಳು ಈ ತೂಕಕ್ಕೆ ಧಾರಾಳವಾಗಿ ಸಾಲುತ್ತವೆ. 2017ರಲ್ಲಿ ಪರಿಷ್ಕರಿಸಿದ ಮಾದರಿಗೆ ಬೈಕಿನ ವಾಲುವಿಕೆಯನ್ನು ಅಳೆಯುವ ಸೆನ್ಸರ್ ಸೇರಿತು, ಅದರಿಂದಾಗಿ ತಿರುವಿನ ನಡುವೆ ಬ್ರೇಕ್ ಹಿಡಿದರೂ ಎಬಿಎಸ್ (ಚಕ್ರ ಸ್ತಬ್ಧವಾಗಿ ಜಾರದಂತೆ ತಡೆಯುವ ವ್ಯವಸ್ಥೆ) ಹೆಚ್ಚು ಎಚ್ಚರದಿಂದ ಕೆಲಸ ಮಾಡುತ್ತದೆ. ಎರಡರ ನಡುವೆ ಆಯ್ಕೆಯಿದ್ದರೆ ಈ ಒಂದು ಕಾರಣಕ್ಕೇ ಹೊಸತನ್ನು ಆರಿಸಬಹುದು.

ಹೆದ್ದಾರಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಆರನೇ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ ಇಂಜಿನ್ 4000 ಆರ್‌ಪಿಎಂ ಕೂಡ ಮುಟ್ಟುವುದಿಲ್ಲ. ಲಾರಿಯನ್ನು ದಾಟಲು ಗೇರ್ ಬದಲಿಸುವ ಅಗತ್ಯವಿಲ್ಲ. ಟ್ಯಾಂಕಿನಲ್ಲಿ 20 ಲೀಟರ್ ಹಿಡಿಯುತ್ತದೆ. ಸಮಾಧಾನದಿಂದ ಓಡಿಸಿದರೆ ಲೀಟರಿಗೆ 18ರಿಂದ 20 ಕಿ.ಮೀ. ಸಿಗುವುದರಿಂದ ಬೆಂಗಳೂರಿನಿಂದ ಹೊಸಪೇಟೆಯವರೆಗೆ ಚಿತ್ರದುರ್ಗದ ಮೇಲೆ ಒಂದೇ ಟ್ಯಾಂಕಿನಲ್ಲಿ ಹೋಗಬಹುದು. ಹಿಂದಿನ ಸೀಟು ಅಗಲವಾಗಿದೆ, ಹಿಡಿಕೆಗಳು ಗಟ್ಟಿಯಾಗಿವೆ. ಮನೆಯವರು ಹಿಂದೆ ಕೂರುವ ದಿನ ಪಕ್ಕದಲ್ಲಿರುವ ಗುಂಡಿಯನ್ನು ಕೈಯಲ್ಲೇ ತಿರುಗಿಸಿ ಹಿಂದಿನ ಸ್ಪ್ರಿಂಗನ್ನು ಬಿಗಿಗೊಳಿಸಿಕೊಳ್ಳಬಹುದು, ಸ್ಪ್ಯಾನರ್ ಹುಡುಕಬೇಕಾಗಿಲ್ಲ. ನಿಜವಾದ ಕಿರಿಕಿರಿಯೆಂದರೆ ವಿಂಡ್‌ಸ್ಕ್ರೀನ್. ಅದರ ಕೋನವನ್ನು ಕೈಯಿಂದ ತಳ್ಳಿ ಮೂರು ಹಂತಗಳಲ್ಲಿ ಬದಲಿಸಬಹುದಾದರೂ ಎತ್ತರದ ಸವಾರರಿಗೆ ಗಾಳಿಯ ಸುಳಿ ನೇರವಾಗಿ ಹೆಲ್ಮೆಟ್ಟಿಗೆ ಬಡಿಯುತ್ತದೆ. ದಿನವಿಡೀ ಓಡಿಸಿದ ಮೇಲೆ ಕಿವಿಯಲ್ಲಿ ಉಳಿಯುವ ಮೊರೆತ ಸಣ್ಣ ವಿಷಯವಲ್ಲ. ಇಯರ್‌ಪ್ಲಗ್ ಹಾಕಿಕೊಳ್ಳುವುದು ಅಥವಾ ಎತ್ತರದ ಸ್ಕ್ರೀನ್ ಕೂರಿಸಿಕೊಳ್ಳುವುದು ಅನಿವಾರ್ಯ. ಹೆದ್ದಾರಿ ಎಂದಾಗ ಮೈಸೂರು ರಸ್ತೆಯ ಮಾತನ್ನೂ ಹೇಳಿಬಿಡಬೇಕು: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕುಗಳಿಗೆ ಪ್ರವೇಶವಿಲ್ಲ, ಸಾವಿರ ಸಿಸಿಯ ಬೈಕಾದರೂ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಅಡ್ವೆಂಚರ್ ಎಂಬ ಹೆಸರನ್ನು ನಂಬಿ ಇದನ್ನು ಕಲ್ಲು ಬಂಡೆಗಳ ದಾರಿಗೆ ಇಳಿಸುವವರು ಸ್ವಲ್ಪ ತಡೆಯಬೇಕು. ನೆಲದಿಂದ ಅಂತರ 165 ಮಿಲಿಮೀಟರ್ ಮಾತ್ರ. ಸಸ್ಪೆನ್ಷನ್ ಹಿಂದೆ ಮುಂದೆ ಎರಡೂ ಕಡೆ 160 ಮಿಲಿಮೀಟರ್ ಕುಗ್ಗುತ್ತದೆ. ಮುಂದಿನ ಚಕ್ರ 19 ಇಂಚಿನದು. ಎಲ್ಲಕ್ಕಿಂತ ಮುಖ್ಯವಾಗಿ ಆಯಿಲ್ ಫಿಲ್ಟರ್ ಮತ್ತು ಮುಂದಿನ ಸಿಲಿಂಡರಿನ ಎಕ್ಸಾಸ್ಟ್ ಕೊಳವೆ ಇಂಜಿನ್‌ನ ಮುಂಭಾಗದಲ್ಲಿ, ಚಕ್ರ ಸಿಡಿಸುವ ಕಲ್ಲಿಗೆ ನೇರ ಎದುರಾಗಿ ನಿಂತಿವೆ. ಇಂಜಿನ್‌ನ ತಳ ಕಾಯುವ ಗಟ್ಟಿಯಾದ ಅಲ್ಯೂಮಿನಿಯಂ ಬ್ಯಾಶ್ ಪ್ಲೇಟ್ ಹಾಕಿಸದೆ ಚಿಕ್ಕಮಗಳೂರಿನ ತೋಟದ ದಾರಿಗಳಿಗೂ ಇದನ್ನು ಒಯ್ಯಬಾರದು. ಎಬಿಎಸ್ಸನ್ನು ಆರಿಸುವ ವ್ಯವಸ್ಥೆಯಿಲ್ಲದಿರುವುದರಿಂದ ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಬೈಕ್ ನಿಲ್ಲಲು ತಡಮಾಡುತ್ತದೆ. ಹೊಂಡ ಬಿದ್ದ ಡಾಂಬರು, ಕಿತ್ತುಹೋದ ಮೆಟಲ್ ರಸ್ತೆ, ಗಟ್ಟಿ ಮಣ್ಣಿನ ಹಾದಿ, ಇವುಗಳವರೆಗೆ ಅದು ನಿಶ್ಚಿಂತೆಯ ಸಂಗಾತಿ. ಅದರಾಚೆಗೆ 230 ಕಿಲೋ ತೂಕ ಸವಾರನ ವಿರುದ್ಧ ಕೆಲಸ ಮಾಡಲಾರಂಭಿಸುತ್ತದೆ.

ತೂಕದ ಮಾತು ಬಂದದ್ದರಿಂದ ಅದನ್ನು ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಶೋರೂಮಿನಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಪೆಟ್ರೋಲ್ ತುಂಬಿದ 2014ರ ಮಾದರಿ 228 ಕಿಲೋ, ನಂತರದ್ದು ಅದಕ್ಕಿಂತ ನಾಲ್ಕೈದು ಕಿಲೋ ಹೆಚ್ಚು. ಕ್ರ್ಯಾಶ್ ಗಾರ್ಡ್, ಸೆಂಟರ್ ಸ್ಟ್ಯಾಂಡ್, ಪೆಟ್ಟಿಗೆಗಳ ಚೌಕಟ್ಟು ಸೇರಿದರೆ 250 ದಾಟುತ್ತದೆ. ಓಡುವಾಗ ಈ ತೂಕ ಮಾಯವಾಗುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಂಬದ ಪಕ್ಕದ ಕಿರಿದಾದ ಜಾಗದಿಂದ ಹಿಂದಕ್ಕೆ ತಳ್ಳುವಾಗ ಪ್ರತಿ ಕಿಲೋ ಎದುರಿಗೆ ಬಂದು ನಿಲ್ಲುತ್ತದೆ. ನೆಲ ಅರ್ಧ ಅಡಿ ಇಳಿಜಾರಾಗಿದ್ದರೂ ಮೂತಿಯನ್ನು ಇಳಿಜಾರಿನ ಕಡೆಗೆ ಮಾಡಿ ನಿಲ್ಲಿಸಬಾರದು. ಹಿಂದಕ್ಕೆ ಎಳೆಯಲು ಒಬ್ಬರಿಂದ ಆಗುವುದಿಲ್ಲ. ಸೀಟಿನ ಎತ್ತರ 850 ಮಿಲಿಮೀಟರ್ ಇರುವುದರಿಂದ ಐದೂವರೆ ಅಡಿ ಆಸುಪಾಸಿನವರಿಗೆ ಎರಡೂ ಪಾದ ಪೂರ್ತಿ ಊರುವುದಿಲ್ಲ. ಒಂದು ಕಾಲನ್ನು ಗಟ್ಟಿಯಾಗಿ ಊರಿ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಬೇಕು. ಹಿಂದಿನ ಸಸ್ಪೆನ್ಷನ್ನಿನ ಲಿಂಕ್ ಬದಲಿಸಿ ಬೈಕನ್ನೇ ತಗ್ಗಿಸುವುದನ್ನು ನಾನು ಒಪ್ಪುವುದಿಲ್ಲ, ಮೊದಲೇ ಕಡಿಮೆಯಿರುವ ನೆಲದ ಅಂತರ ಅದರಿಂದ ಇನ್ನೂ ಕುಗ್ಗುತ್ತದೆ. ಬೈಕ್ ಮಲಗಿಬಿಟ್ಟರೆ ಎದುರು ನಿಂತು ಎಳೆಯುವುದು ಸೊಂಟಕ್ಕೆ ಅಪಾಯ. ಅದರ ಕಡೆಗೆ ಬೆನ್ನು ತಿರುಗಿಸಿ, ಸೀಟಿಗೆ ಸೊಂಟ ಆನಿಸಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ಲನ್ನೂ ಇನ್ನೊಂದರಲ್ಲಿ ಹಿಂದಿನ ಹಿಡಿಕೆಯನ್ನೂ ಹಿಡಿದು, ಕಾಲಿನ ಬಲದಿಂದ ಹಿಮ್ಮುಖವಾಗಿ ಹೆಜ್ಜೆಹಾಕುತ್ತಾ ಎಬ್ಬಿಸಬೇಕು. ಕೊಳ್ಳುವ ಮೊದಲೇ ಇದನ್ನು ಒಬ್ಬರ ಸಹಾಯದಿಂದ ಮಾಡಿ ನೋಡುವುದು ಟೆಸ್ಟ್ ರೈಡಿನಷ್ಟೇ ಮುಖ್ಯ.

ಶಾಖ ಎರಡನೆಯ ಸಂಗತಿ. ವಿ-ಟ್ವಿನ್‌ನ ಹಿಂದಿನ ಸಿಲಿಂಡರ್ ಸವಾರನ ತೊಡೆಗಳ ನಡುವೆ, ಗಾಳಿ ಸರಿಯಾಗಿ ಸುಳಿಯದ ಜಾಗದಲ್ಲಿ ಕೂತಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೆಬ್ಬಾಳ ಅಥವಾ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಾಗ ಫ್ಯಾನ್ ತಿರುಗಲಾರಂಭಿಸಿ ಬಿಸಿಗಾಳಿಯನ್ನು ಮೊಣಕಾಲಿಗೆ ತಳ್ಳುತ್ತದೆ. ಡುಕಾಟಿಯ 937 ಸಿಸಿ ಬೈಕುಗಳಲ್ಲೂ ಕೆಟಿಎಂ 1290ಯಲ್ಲೂ ಇದು ತಪ್ಪಿದ್ದಲ್ಲ, ಈ ವಿನ್ಯಾಸದ ಜೊತೆಗೇ ಬಂದದ್ದು. ದಿನವೂ ನಗರದೊಳಗೆ ಕಚೇರಿಗೆ ಹೋಗಿಬರಲು ಬೈಕ್ ಬೇಕಾದವರು ಇದನ್ನು ಕೊಳ್ಳದಿರುವುದೇ ಮೇಲು. ಬೆಳಗಿನ ಜಾವ ಹೊರಟು ಏಳು ಗಂಟೆಯೊಳಗೆ ನೆಲಮಂಗಲ ದಾಟಿಬಿಡುವವರಿಗೆ ಇದು ಬಾಧಿಸುವುದಿಲ್ಲ.

ನಿರ್ವಹಣೆಯ ಕಡೆ ಬಂದರೆ, ಇಂಜಿನ್ ಗಟ್ಟಿ, ಆದರೆ ಕೈಗೆ ಸಿಗುವಂಥದ್ದಲ್ಲ. ಏರ್ ಫಿಲ್ಟರ್ ಟ್ಯಾಂಕಿನ ಕೆಳಗಿದೆ. ಬದಲಿಸಬೇಕಾದರೆ ಟ್ಯಾಂಕಿನ ಮುಂಭಾಗವನ್ನು ಬಿಚ್ಚಿ ಮೇಲೆತ್ತಿ ಆನಿಸಿಡಬೇಕು. ಮುಂದಿನ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ರೇಡಿಯೇಟರಿನ ಹಿಂದೆ ಅಡಗಿದೆ. ರೇಡಿಯೇಟರಿನ ಬೋಲ್ಟು ಸಡಿಲಿಸಿ ಮುಂದಕ್ಕೆ ಸರಿಸದ ಹೊರತು ಅಲ್ಲಿಗೆ ಕೈ ಹೋಗುವುದಿಲ್ಲ. ಎರಡು ಸಿಲಿಂಡರ್ ಒಂದರ ಹಿಂದೊಂದು ಇರುವುದರಿಂದ ಸಿಲಿಂಡರ್ ಹೆಡ್ಡಿನ ಪ್ರತಿ ಕೆಲಸವೂ ಎರಡೆರಡು ಬಾರಿ. 24,000 ಕಿ.ಮೀ.ಗೊಮ್ಮೆ ಮಾಡಿಸಬೇಕಾದ ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ಬಳಿಯ ಸೂಕ್ಷ್ಮ ಅಂತರ) ತಪಾಸಣೆಗೆ ಅರ್ಧ ಬೈಕನ್ನೇ ಬಿಚ್ಚಬೇಕಾಗುತ್ತದೆ, ಮೆಕ್ಯಾನಿಕ್ಕಿಗೆ ಇಡೀ ದಿನದ ಕೆಲಸ. ಮುಂದಿನ ಚಕ್ರದ ಬೆನ್ನಿಗೇ ಇರುವ ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ಕೆಸರು, ಹುಳು ಎಲ್ಲ ಸೇರಿ ಒಣಗಿ ಗಾರೆಯಂತೆ ಹಿಡಿದುಬಿಡುತ್ತವೆ. ಪ್ರೆಷರ್ ವಾಷರಿನಿಂದ ಹೊಡೆದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ನೀರಿನಲ್ಲಿ ನೆನೆಸಿ, ಮೃದುವಾದ ಬ್ರಷ್ಷಿನಿಂದ ರೆಕ್ಕೆಗಳ ಉದ್ದಕ್ಕೇ ಉಜ್ಜಿ ತೆಗೆಯಬೇಕು. ಮುಂದಿನ ಮಡ್‌ಗಾರ್ಡಿಗೆ ಕೆಳಗಡೆ ಒಂದು ತುಂಡು ಸೇರಿಸಿ ಉದ್ದ ಮಾಡಿಸಿದರೆ ಈ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಬೈಕ್ ಪೂರ್ತಿ ಜೋಡಣೆಗೊಂಡು ವಿದೇಶದಿಂದ ಆಮದಾಗುತ್ತಿದ್ದುದರಿಂದ ಬಿಡಿಭಾಗಗಳು ಅಂಗಡಿಯ ಕಪಾಟಿನಲ್ಲಿ ಸಿಗುವುದಿಲ್ಲ, ಆರ್ಡರ್ ಕೊಟ್ಟು ಕಾಯಬೇಕು. ಬ್ರೇಕ್ ಪ್ಯಾಡ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು ಒಂದೊಂದು ಜೊತೆ ಮನೆಯಲ್ಲಿಟ್ಟುಕೊಂಡವರು ನೆಮ್ಮದಿಯಿಂದ ಇರುತ್ತಾರೆ. ಟೈರಿನ ಮಟ್ಟಿಗೆ ಅದೃಷ್ಟವಿದೆ: ಮುಂದೆ 110/80-19, ಹಿಂದೆ 150/70-17 ಎಂಬ ಈ ಅಳತೆ ಮಧ್ಯಮ ವರ್ಗದ ಹಲವು ಅಡ್ವೆಂಚರ್ ಬೈಕುಗಳಿಗೂ ಇರುವುದರಿಂದ ಆಯ್ಕೆ ಧಾರಾಳ. ಅಲಾಯ್ ಚಕ್ರಕ್ಕೆ ಟ್ಯೂಬ್‌ಲೆಸ್ ಟೈರ್ ಇರುವುದರಿಂದ ಯಾವ ಊರಿನ ಪಂಕ್ಚರ್ ಅಂಗಡಿಯಲ್ಲಾದರೂ ಕೆಲಸ ನಡೆಯುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ, ಈ ಬೈಕ್ ರೂಪುಗೊಂಡ ಕಾಲದಲ್ಲಿ ನಮ್ಮ ಪೆಟ್ರೋಲಿನಲ್ಲಿ ಅಷ್ಟು ಇರಲಿಲ್ಲ. ಎಥನಾಲಿನ ಶಕ್ತಿಯಂಶ ಕಡಿಮೆಯಾದ್ದರಿಂದ ಮೈಲೇಜ್ ತುಸು ಇಳಿಯುತ್ತದೆ. ಅದು ತೇವ ಹೀರುವುದರಿಂದ ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧ ಖಾಲಿ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬಾರದು.

ಇಷ್ಟೆಲ್ಲ ಹೊತ್ತುಕೊಳ್ಳುವ ಬದಲು ಇದರ ತಮ್ಮನಾದ ವಿ-ಸ್ಟ್ರಾಮ್ 650 ಎಕ್ಸ್‌ಟಿ ಸಾಲದೇ ಎಂಬುದು ನ್ಯಾಯವಾದ ಪ್ರಶ್ನೆ. 2018ರಲ್ಲಿ ಭಾರತಕ್ಕೆ ಬಂದ ಅದರದೂ 90 ಡಿಗ್ರಿ ವಿ-ಟ್ವಿನ್, 645 ಸಿಸಿ. 62 ನ್ಯೂಟನ್ ಮೀಟರ್ ಟಾರ್ಕ್, 216 ಕಿಲೋ ತೂಕ. ಇಲ್ಲಿಯೇ ಜೋಡಣೆಯಾಗುತ್ತಿದ್ದುದರಿಂದ ಬೆಲೆಯೂ ಬಹಳ ಕಡಿಮೆಯಿತ್ತು. ಒಬ್ಬರೇ ತಿರುಗುವವರಿಗೆ ಅದು ಧಾರಾಳ ಸಾಕು, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಆದರೆ ಇಬ್ಬರು ಸವಾರರು, ಒಂದು ವಾರದ ಸಾಮಾನು, ಮುಂದೆ ಘಾಟಿ, ಈ ಮೂರೂ ಕೂಡಿದಾಗ 650 ಗೇರ್ ಇಳಿಸಿ ಕೂಗಬೇಕಾದ ಕಡೆ 1000 ಸದ್ದಿಲ್ಲದೆ ಏರುತ್ತದೆ. ತೂಕದಲ್ಲಿ ಅವೆರಡರ ನಡುವೆ ಹನ್ನೆರಡರಿಂದ ಹದಿನೇಳು ಕಿಲೋ ಮಾತ್ರ ವ್ಯತ್ಯಾಸ, ಟಾರ್ಕಿನಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು.

ಇಂಥ ಇಂಜಿನ್ ಹೊಸದಾಗಿ ಸಿಗುವ ದಾರಿಗಳು ಕಿರಿದಾಗುತ್ತಿವೆ. ಹೋಂಡಾ ಆಫ್ರಿಕಾ ಟ್ವಿನ್ 2016ರಲ್ಲಿ ಮರಳಿ ಬಂದಾಗ ಹಳೆಯ ವಿ-ಟ್ವಿನ್ ಬಿಟ್ಟು, ಎರಡು ಸಿಲಿಂಡರ್ ಪಕ್ಕಪಕ್ಕ ನಿಂತ ಪ್ಯಾರಲಲ್ ಟ್ವಿನ್ ಆಗಿತ್ತು; ಸುಜುಕಿಯೇ 2024ರಲ್ಲಿ ಇಲ್ಲಿ ತಂದ ವಿ-ಸ್ಟ್ರಾಮ್ 800ಡಿಇ ಕೂಡ ಅದೇ ಬಗೆಯದು. ಒಂದೇ ಸಿಲಿಂಡರ್ ಹೆಡ್ ಇರುವ ಇಂಜಿನ್ ಅಗ್ಗ, ಚಿಕ್ಕ, ಬಿಚ್ಚಲು ಸುಲಭ. ಇವೆರಡರ ಕ್ರ್ಯಾಂಕ್ ಶಾಫ್ಟನ್ನು 270 ಡಿಗ್ರಿಗೆ ತಿರುಚಿ 90 ಡಿಗ್ರಿ ವಿ-ಟ್ವಿನ್‌ನ ಬಡಿತವನ್ನೇ ಪಡೆಯಲು ತಯಾರಕರು ಶ್ರಮಪಟ್ಟಿರುವುದು ಆ ಬಡಿತದ ಬೆಲೆಗೆ ಸಾಕ್ಷಿ. ಹೊರದೇಶಗಳಲ್ಲಿ 2020ರಿಂದ ವಿ-ಸ್ಟ್ರಾಮ್ 1050 ಇದೇ 1037 ಸಿಸಿ ಇಂಜಿನ್ನನ್ನು ಮುಂದುವರಿಸಿದೆ. ನಮ್ಮಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂದ 2020ರ ಏಪ್ರಿಲ್ ನಂತರ 1000ದ ಮಾರಾಟ ನಿಂತುಹೋದದ್ದರಿಂದ ಈಗ ಕೊಳ್ಳುವವರು ಸೆಕೆಂಡ್ ಹ್ಯಾಂಡ್ ಬೈಕುಗಳನ್ನೇ ಹುಡುಕಬೇಕು.

ಹಾಗೆ ಹುಡುಕುವಾಗ ಓಡಿದ ಕಿಲೋಮೀಟರಿಗಿಂತ ನಿಂತ ತಿಂಗಳುಗಳನ್ನು ವಿಚಾರಿಸುವುದು ಒಳ್ಳೆಯದು. ಇಂಥ ಬೈಕುಗಳಲ್ಲಿ ಎಷ್ಟೋ ವರ್ಷಕ್ಕೆ ನಾಲ್ಕು ಸಲ ಹೊರಬರುವಂಥವು. ಬ್ಯಾಟರಿ, ಫೋರ್ಕ್ ಸೀಲ್, ಟೈರು ಎಲ್ಲವೂ ಓಡದೆಯೇ ಹಳತಾಗಿರುತ್ತವೆ. ಇಂಜಿನ್ ತಣ್ಣಗಿರುವಾಗ ನಿಮ್ಮೆದುರಿಗೇ ಸ್ಟಾರ್ಟ್ ಮಾಡಿಸಿ, ಆಮೇಲೆ ಫ್ಯಾನ್ ತಾನಾಗಿ ತಿರುಗುವವರೆಗೂ ನಿಂತಲ್ಲೇ ಓಡಲು ಬಿಟ್ಟು ನೋಡಿ. ಬ್ಯಾಶ್ ಪ್ಲೇಟ್ ಬಿಚ್ಚಿಸಿ ಎಕ್ಸಾಸ್ಟ್ ಕೊಳವೆ ನಜ್ಜುಗುಜ್ಜಾಗಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು. ಬೇರೆ ರಾಜ್ಯದ ನೋಂದಣಿಯಿದ್ದರೆ ಎನ್‌ಒಸಿಯ ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಬೆಲೆಗೆ ಸೇರಿಸಿಕೊಂಡೇ ಚೌಕಾಸಿಗೆ ಇಳಿಯಬೇಕು. ಆಮದು ಬೈಕಿನ ಮೇಲೆ ಆ ಮೊತ್ತ ದೊಡ್ಡದು. ಮೀಟರ್ 24,000 ದಾಟಿದ್ದು ವಾಲ್ವ್ ತಪಾಸಣೆಯ ಬಿಲ್ ತೋರಿಸಲು ಮಾರುವವರಿಂದ ಆಗದಿದ್ದರೆ ಆ ಕೆಲಸ ಆಗಿಲ್ಲವೆಂದೇ ತಿಳಿದು, ಅದರ ಖರ್ಚನ್ನು ಕಳೆದು ಬೆಲೆ ಹೇಳಿ.